ಒಂದೇ ವೇಗದಲ್ಲಿ ಕಾರು ಎಳೆದು ಬಿಡುತ್ತಿದ್ದರೆ: ದೋಷ ಹುಡುಕುವ ಕ್ರಮ

ಆಕ್ಸಿಲರೇಟರ್ ಮೇಲಿನ ಕಾಲು ಅಲ್ಲಾಡಿಲ್ಲ. ರಸ್ತೆ ಸಮತಟ್ಟಾಗಿದೆ. ಆದರೂ 60ರಿಂದ 80ರ ನಡುವೆ ಕಾರು ತಾನಾಗಿಯೇ ಮುಂದಕ್ಕೆ ಎಳೆಯುತ್ತದೆ, ಆಮೇಲೆ ಸಡಿಲ ಬಿಡುತ್ತದೆ, ಮತ್ತೆ ಎಳೆಯುತ್ತದೆ. ಜೋರಾಗಿ ಒತ್ತಿದರೆ ಚೆನ್ನಾಗಿಯೇ ಓಡುತ್ತದೆ. ನಿಂತಲ್ಲಿ ಐಡ್ಲಿಂಗ್ ಕೂಡ ಸರಿಯಿದೆ. ನಡುವಿನ ಆ ಒಂದು ಹದದಲ್ಲಿ ಮಾತ್ರ ಈ ಕಾಟ. ಗ್ಯಾರೇಜುಗಳಲ್ಲಿ ಇದನ್ನು ಹಂಟಿಂಗ್ ಅನ್ನುತ್ತಾರೆ, ಸರ್ಜಿಂಗ್ ಅನ್ನುವವರೂ ಇದ್ದಾರೆ.

ಸುಮ್ನೆ ದುಡ್ಡು ಹೋಗುವುದು ಇಂಥ ದೋಷದಲ್ಲೇ ಜಾಸ್ತಿ. ಮೊದಲು ಪ್ಲಗ್ ಬದಲಾಗುತ್ತದೆ. ಆಮೇಲೆ ಆಕ್ಸಿಜನ್ ಸೆನ್ಸರ್ (ಸುಟ್ಟ ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವುದು), ಆಮೇಲೆ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು), ಕೊನೆಗೆ ಟ್ಯಾಂಕಿನ ಒಳಗಿನ ಪೆಟ್ರೋಲ್ ಪಂಪ್. ಗ್ಯಾರೇಜಿನ ಮುಂದೆ ನಿಲ್ಲಿಸಿ ರೇಸ್ ಮಾಡಿದರೆ ದೋಷ ಕಾಣುವುದೇ ಇಲ್ಲ. ಹಾಗಾಗಿ ಪ್ರತಿ ಸಲವೂ ಊಹೆಯ ಮೇಲೆ ಸಾಮಾನು ಬದಲಾಗುತ್ತದೆ. ಸಾವಿರಾರು ರೂಪಾಯಿ ಹೋದ ಮೇಲೂ ಕಾರು ಹಾಗೇ ಎಳೆದು ಬಿಡುತ್ತಿರುತ್ತದೆ.

ಇದನ್ನು ಹುಡುಕುವ ಕ್ರಮವೇ ಬೇರೆ. ಯಾವ ಸಾಮಾನು ಕೆಟ್ಟಿದೆ ಅಂತ ಆಮೇಲೆ ಕೇಳೋಣ. ಮೊದಲು ಕೇಳಬೇಕಾದದ್ದು, ಈ ಎಳೆತ ಯಾವುದರ ಜೊತೆ ಬರುತ್ತದೆ ಅಂತ. ಕಾರಿನ ವೇಗದ ಜೊತೆಯೇ, ಎಂಜಿನ್ ಆರ್‌ಪಿಎಂ ಜೊತೆಯೇ, ಪೆಡಲ್ ಒತ್ತಿದ ಪ್ರಮಾಣದ ಜೊತೆಯೇ, ಇಲ್ಲಾ ಎಂಜಿನ್ ಮೇಲಿನ ಭಾರದ ಜೊತೆಯೇ? ಈ ನಾಲ್ಕರಲ್ಲಿ ಒಂದು ಗೊತ್ತಾದರೆ ಅನುಮಾನದ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಿಗೆ. ಆಟೊಮ್ಯಾಟಿಕ್, ಸಿಎನ್‌ಜಿ ಮತ್ತು ಹಳೆಯ ಕಾರ್ಬೊರೇಟರ್ ಕಾರುಗಳ ಮಾತು ಕೊನೆಯಲ್ಲಿದೆ.

ಎಳೆತವೋ, ಮಿಸ್ಸಿಂಗೋ

ಎರಡನ್ನೂ ಜನ ಜರ್ಕ್ ಅಂತಲೇ ಹೇಳುತ್ತಾರೆ. ಆದರೆ ಅನುಭವ ಬೇರೆ. ಮಿಸ್ಸಿಂಗ್ ಅಂದರೆ ಒಂದು ಸಿಲಿಂಡರ್ ಉರಿಯದೆ ತಪ್ಪುವುದು. ಅದು ಚುರುಕಾಗಿ, ಕುಕ್ಕಿದ ಹಾಗೆ ಬರುತ್ತದೆ. ಏರು ಹತ್ತುವಾಗ, ಮೇಲಿನ ಗೇರಿನಲ್ಲಿ ಒತ್ತಿದಾಗ ಜಾಸ್ತಿಯಾಗುತ್ತದೆ. ಎಳೆತ ನಿಧಾನ. ಒಂದೆರಡು ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ, ಟ್ಯಾಕೋಮೀಟರ್ ಮುಳ್ಳಿನಲ್ಲೂ ಸ್ವಲ್ಪ ಕಾಣುತ್ತದೆ. ಮಿಸ್ಸಿಂಗ್ ಆದರೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಕಡೆ ಹೋಗಿ. ಸಿಲಿಂಡರ್‌ಗೊಂದು ಕಾಯಿಲ್ ಇರುವ ಎಂಜಿನ್‌ನಲ್ಲಿ ಒಂದರ ಕಾಯಿಲನ್ನು ಇನ್ನೊಂದಕ್ಕೆ ಹಾಕಿ ನೋಡಿ. ಮಿಸ್ಸಿಂಗ್ ಕೂಡ ಆ ಸಿಲಿಂಡರ್‌ಗೆ ಹೋದರೆ ಕಾಯಿಲೇ ಕಾರಣ. ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ.

ಇನ್ನೊಂದನ್ನೂ ಮೊದಲೇ ಬಿಡಿಸಿಕೊಳ್ಳಿ. ಆರ್‌ಪಿಎಂ ಏರುತ್ತದೆ, ಆದರೆ ಕಾರಿನ ವೇಗ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಅದು ಎಂಜಿನ್ ದೋಷ ಅಲ್ಲ.

ಒಂದು ಎಚ್ಚರಿಕೆ. ಪೆಡಲ್ ಬಿಟ್ಟ ಮೇಲೂ ಎಂಜಿನ್ ತಾನಾಗಿ ರೇಸ್ ಆಗುತ್ತಿದ್ದರೆ, ಅಥವಾ ಓಡುತ್ತಾ ಓಡುತ್ತಾ ಆಫ್ ಆಗುತ್ತಿದ್ದರೆ, ರಸ್ತೆಯ ಮೇಲೆ ಯಾವ ಪರೀಕ್ಷೆಯೂ ಬೇಡ. ಕಾರನ್ನು ಟೋ ಮಾಡಿಸಿಕೊಂಡು ಹೋಗಿ.

ರಸ್ತೆಯಲ್ಲಿ ನೋಡಬೇಕಾದದ್ದು

ಎಂಜಿನ್ ಪೂರ್ತಿ ಬಿಸಿಯಾಗಿರಲಿ. ಎಸಿ ಆಫ್ ಇರಲಿ. ಟ್ಯಾಂಕಿನಲ್ಲಿ ಅರ್ಧದಷ್ಟಾದರೂ ಪೆಟ್ರೋಲ್ ಇರಲಿ. ಟ್ಯಾಂಕ್ ತಳ ಮುಟ್ಟಿದ್ದರೆ ತಿರುವಿನಲ್ಲಿ ಪಂಪ್ ಗಾಳಿ ಎಳೆದು ಇದೇ ತರಹದ ಎಳೆತ ಕೊಡಬಹುದು. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ಓಡಿಸುವವರು ಮೊಬೈಲ್ ಪರದೆ ನೋಡಲೇಬಾರದು. ಗಾಡಿ ಕಡಿಮೆ ಇರುವ ಹೊತ್ತು ನೋಡಿ ಸಮತಟ್ಟಾದ ಉದ್ದ ರಸ್ತೆಗೆ ಹೋಗಿ. ತುಮಕೂರು ದಾಟಿ ಹಿರಿಯೂರು ಕಡೆಗೆ ಬೆಳಗಿನ ಹೊತ್ತು ಹೋದರೆ ಇಂಥ ರಸ್ತೆ ಸಿಗುತ್ತದೆ.

ಐದನೇ ಗೇರಿನಲ್ಲಿ ಎಳೆತ 70ಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಆಗಿನ ಆರ್‌ಪಿಎಂ ಬರೆದುಕೊಳ್ಳಿ. ಈಗ ನಾಲ್ಕನೇ ಗೇರಿಗೆ ಬಂದು ಅದೇ 70ರಲ್ಲಿ ಹೋಗಿ. ಆಮೇಲೆ ನಾಲ್ಕನೇ ಗೇರಿನಲ್ಲೇ ವೇಗ ಇಳಿಸಿ, ಮೊದಲು ಬರೆದುಕೊಂಡ ಆರ್‌ಪಿಎಂಗೆ ಬನ್ನಿ.

ಯಾವ ಗೇರಿನಲ್ಲಿದ್ದರೂ 70ಕ್ಕೇ ಬರುತ್ತಿದ್ದರೆ ಎಂಜಿನ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಟೈರ್, ವೀಲ್ ಬ್ಯಾಲೆನ್ಸ್, ಡ್ರೈವ್ ಶಾಫ್ಟ್ ಜಾಯಿಂಟ್ ನೋಡಿ. ರಸ್ತೆ ಖಾಲಿಯಿದ್ದಾಗ ಅದೇ ವೇಗದಲ್ಲಿ ಒಂದು ಕ್ಷಣ ನ್ಯೂಟ್ರಲ್‌ಗೆ ಹಾಕಿ. ಕೀಲಿ ಮಾತ್ರ ಆಫ್ ಮಾಡಬೇಡಿ. ನ್ಯೂಟ್ರಲ್‌ನಲ್ಲೂ ಅದುರಿದರೆ ಚಕ್ರಗಳ ಕಡೆಯೇ ಹುಡುಕಬೇಕು.

ವೇಗ ಬದಲಾದರೂ ಅದೇ ಆರ್‌ಪಿಎಂಗೆ ಬರುತ್ತಿದ್ದರೆ ಅದು ಎಂಜಿನ್‌ನದೇ. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್ (ಎಂಜಿನ್ ಎಲ್ಲಿಯವರೆಗೆ ತಿರುಗಿದೆ ಅಂತ ಹೇಳುವವು), ಅವುಗಳ ವೈರಿಂಗ್, ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇವು ಪಟ್ಟಿಗೆ ಬರುತ್ತವೆ. ಆ ಸೊಲೆನಾಯ್ಡ್ ಎಂಜಿನ್ ಆಯಿಲ್ ಹರಿವನ್ನು ಹತೋಟಿ ಮಾಡುತ್ತದೆ, ಟೈಮಿಂಗ್ ಬದಲಾಗುವುದು ಆ ಆಯಿಲ್ ಒತ್ತಡದಿಂದ. ಆಯಿಲ್ ಹಳತಾಗಿದ್ದರೆ, ಮಟ್ಟ ಕಡಿಮೆ ಇದ್ದರೆ, ಮೊದಲು ಅದನ್ನು ಸರಿಮಾಡಿ ನೋಡಿ.

ಪೆಡಲ್ ಒಂದು ನಿರ್ದಿಷ್ಟ ಜಾಗದಲ್ಲಿದ್ದಾಗ ಮಾತ್ರ ಬಂದು, ಕಾಲನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿದರೆ ಹೋಗುತ್ತಿದ್ದರೆ, ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರ್ ಮೊದಲ ಅನುಮಾನ.

ಇನ್ನು ಭಾರ. ಹಗುರವಾಗಿ ಹೋಗುವಾಗ ಎಳೆದು ಬಿಡುತ್ತದೆ, ಸ್ವಲ್ಪ ಏರು ಸಿಕ್ಕಿದರೆ ಅಥವಾ ಎಸಿ ಹಾಕಿದರೆ ಸರಿಯಾಗುತ್ತದೆ ಅನ್ನುವುದು ಬಹಳ ಉಪಯೋಗದ ಸುಳಿವು. ಮಿಶ್ರಣ ಲೀನ್ ಆಗಿರುವುದು (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿರುವುದು), ಇಜಿಆರ್ (ಸುಟ್ಟ ಹೊಗೆಯನ್ನು ಸ್ವಲ್ಪ ಎಂಜಿನ್‌ಗೇ ವಾಪಸ್ ಬಿಡುವ ವಾಲ್ವ್), ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವುದು) ಈ ಮೂರರ ಕಡೆ ಅದು ಬೆರಳು ತೋರಿಸುತ್ತದೆ. ಏರಿನಲ್ಲಿ ಹೆಚ್ಚಾಗುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಕಿಡಿ ಸಾಲುತ್ತಿಲ್ಲ.

ಬೆಳಿಗ್ಗೆ ತಣ್ಣಗಿದ್ದಾಗ ಹೇಗಿದೆ ಅನ್ನುವುದನ್ನೂ ಬರೆದುಕೊಳ್ಳಿ. ತಣ್ಣಗಿರುವ ಎಂಜಿನ್‌ಗೆ ಅದನ್ನು ನಡೆಸುವ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಆಕ್ಸಿಜನ್ ಸೆನ್ಸರ್ ಮಾತು ಇನ್ನೂ ಕೇಳುತ್ತಿರುವುದಿಲ್ಲ. ಹೊರಟ ಕೆಲವು ನಿಮಿಷ ಚೆನ್ನಾಗಿದ್ದು, ಬಿಸಿಯಾದ ಮೇಲೆ ಶುರುವಾದರೆ ಅದೂ ಒಂದು ಸಾಕ್ಷಿ.

ಸ್ಕ್ಯಾನರ್‌ನಲ್ಲಿ ಕೋಡ್‌ಗಿಂತ ಓಡುವ ಅಂಕಿಗಳೇ ಮುಖ್ಯ

2013ರ ನಂತರ ತಯಾರಾದ ಕಾರಿನಲ್ಲಿ ಸ್ಟೀರಿಂಗ್ ಕೆಳಗೆ ಒಬಿಡಿ ಪೋರ್ಟ್ (ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಚುಚ್ಚುವ ಜಾಗ) ಇರುತ್ತದೆ. ಸಾಧಾರಣ ಬ್ಲೂಟೂತ್ ಡಾಂಗಲ್ ಮತ್ತು ಮೊಬೈಲ್ ಆ್ಯಪ್ ಸಾಕು. ಚೆಕ್ ಎಂಜಿನ್ ದೀಪ ಹತ್ತಿಲ್ಲ ಅಂದರೆ ದೋಷ ಇಲ್ಲ ಅಂತ ತಿಳಿಯಬೇಡಿ. ಎಳೆತ ಇರುವ ಎಷ್ಟೋ ಕಾರುಗಳಲ್ಲಿ ಕೋಡ್ ಇರುವುದಿಲ್ಲ. ಪಿ0171 ಅನ್ನುವ ಕೋಡ್ ಬಂದಿದ್ದರೆ ಮಿಶ್ರಣ ಲೀನ್ ಅಂತ ಅರ್ಥ, ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಅಲ್ಲ. ಲೀನ್ ಆಗಿದೆ ಅಂತ ಸರಿಯಾಗಿ ಹೇಳಿದ ಸೆನ್ಸರನ್ನೇ ಎಷ್ಟು ಜನ ತೆಗೆದು ಎಸೆಯುತ್ತಾರೆ!

ಆರ್‌ಪಿಎಂ, ಥ್ರಾಟಲ್ ಶೇಕಡಾ, ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ, ಆಕ್ಸಿಜನ್ ಸೆನ್ಸರ್ ವೋಲ್ಟೇಜ್, ಶಾರ್ಟ್ ಮತ್ತು ಲಾಂಗ್ ಫ್ಯುಯಲ್ ಟ್ರಿಮ್ ಇವನ್ನು ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿ. ಮನೆಗೆ ಬಂದು ಸಾವಧಾನವಾಗಿ ನೋಡಿ.

ಟ್ರಿಮ್ ಅಂದರೆ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಕಳೆಯುತ್ತಿದೆ ಅನ್ನುವ ಅಂಕಿ. ಶಾರ್ಟ್ ಆ ಕ್ಷಣದ್ದು, ಲಾಂಗ್ ಓಡುತ್ತಾ ಓಡುತ್ತಾ ಕಲಿತದ್ದು. ಎರಡೂ ಟ್ರಿಮ್ ಸೇರಿಸಿ ಸೊನ್ನೆಯಿಂದ ಶೇಕಡಾ 5ರಷ್ಟು ಆಚೆ ಈಚೆ ಇದ್ದರೆ ಚಿಂತೆ ಬೇಡ. ಪ್ಲಸ್ 10 ದಾಟಿದರೆ ಎಂಜಿನ್ ಪೆಟ್ರೋಲ್ ಸಾಲದೆ ಕೇಳುತ್ತಿದೆ. ಮೈನಸ್ 10 ದಾಟಿದರೆ ಎಲ್ಲಿಂದಲೋ ಬೇಡದ ಪೆಟ್ರೋಲ್ ಬರುತ್ತಿದೆ.

ಈಗಿನ ಇ20 ಪೆಟ್ರೋಲ್‌ನಲ್ಲಿ ಒಂದು ಲೆಕ್ಕ ನೆನಪಿಡಬೇಕು. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್‌ಗೆ ಸುಮಾರು 9 ಕಿಲೋ ಸಾಕು. ಶೇಕಡಾ 20 ಎಥನಾಲ್ ಸೇರಿದರೆ ಅದು ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಪೆಟ್ರೋಲ್‌ಗೆ ಲೆಕ್ಕ ಹಾಕಿದ ಕಾರಿನಲ್ಲಿ ಟ್ರಿಮ್ ಏನೂ ದೋಷವಿಲ್ಲದೆಯೂ ಪ್ಲಸ್ ಕಡೆ ಸ್ವಲ್ಪ ಹತ್ತಿರುತ್ತದೆ. ಮೊದಲೇ ಪೆಟ್ರೋಲ್ ಫಿಲ್ಟರ್ ಕಟ್ಟಿದ್ದರೆ, ಇಂಜೆಕ್ಟರ್ ಮಂಕಾಗಿದ್ದರೆ, ಅಲ್ಲಿವರೆಗೆ ಕಾಣದ ಎಳೆತ ಇ20 ಹಾಕಿದ ಮೇಲೆ ಕಾಣಬಹುದು. ಇಂಧನವನ್ನು ಬೈದುಕೊಂಡು ಕೂರುವ ಬದಲು ಆ ಹಳೆಯ ದೋಷ ಹುಡುಕುವುದೇ ಸರಿ.

ಅಂಕಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಏರುತ್ತದೆ ಅನ್ನುವುದು ಜಾಸ್ತಿ ಹೇಳುತ್ತದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು, ವೇಗ ಮತ್ತು ಭಾರ ಏರಿದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಪೂರೈಕೆ ನೋಡಿ. ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಕಾರಾದರೆ ಅದಕ್ಕೆ ಧೂಳು ಹಿಡಿದಿದ್ದರೂ ಹೀಗೇ ಆಗುತ್ತದೆ. ಐಡ್ಲಿಂಗ್‌ನಲ್ಲೇ ಜಾಸ್ತಿಯಿದ್ದು 2500 ಆರ್‌ಪಿಎಂಗೆ ಇಳಿದುಬಿಟ್ಟರೆ ಎಲ್ಲೋ ಗಾಳಿ ಸೋರುತ್ತಿದೆ.

ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಮಾಸ್ ಏರ್‌ಫ್ಲೋ ಇರುವುದಿಲ್ಲ, ಮ್ಯಾನಿಫೋಲ್ಡ್ ಒತ್ತಡದ ಮ್ಯಾಪ್ ಸೆನ್ಸರ್ ಇರುತ್ತದೆ. ಅದನ್ನು ಪರೀಕ್ಷಿಸುವುದು ತುಂಬಾ ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ. ಆಗ ಆ ಸೆನ್ಸರ್ ನಿಮ್ಮ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 100 ಕಿಲೋಪಾಸ್ಕಲ್, 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಬೆಂಗಳೂರಿನಲ್ಲಿ ನಿಂತು 100 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಸ್ಟಾರ್ಟ್ ಮಾಡಿದ ಮೇಲೆ ಐಡ್ಲಿಂಗ್‌ನಲ್ಲಿ 30ರಿಂದ 40ರ ಆಸುಪಾಸಿಗೆ ಇಳಿಯಬೇಕು.

ಥ್ರಾಟಲ್ ಪೊಸಿಷನ್ ಸೆನ್ಸರ್

ಕೇಬಲ್ ಥ್ರಾಟಲ್ ಇರುವ ಕಾರುಗಳಲ್ಲಿ ಇದು ಹೆಚ್ಚಾಗಿ ಸವೆಯುವ ಪಟ್ಟಿಯ ಮೇಲೆ ಮುಳ್ಳು ಓಡುವ ಸೆನ್ಸರ್. 5 ವೋಲ್ಟ್ ಕೊಟ್ಟರೆ, ಮುಚ್ಚಿದಾಗ ಸುಮಾರು ಅರ್ಧ ವೋಲ್ಟಿನಿಂದ ಶುರುವಾಗಿ ಪೂರ್ತಿ ತೆರೆದಾಗ 4ರಿಂದ 4.5ರವರೆಗೆ ಹೋಗುತ್ತದೆ. ಕಾರಿನ ಆಯುಷ್ಯದ ಹೆಚ್ಚಿನ ಭಾಗ ನಮ್ಮ ಕಾಲು ಒಂದೇ ಜಾಗದಲ್ಲಿರುತ್ತದೆ, ಅಲ್ವಾ? 60, 70ರಲ್ಲಿ ಹೋಗುವ ಆ ಜಾಗದಲ್ಲೇ ಪಟ್ಟಿ ಸವೆಯುತ್ತದೆ. ಅಲ್ಲಿಗೆ ಬಂದಾಗ ವೋಲ್ಟೇಜ್ ಹಾರುತ್ತದೆ. ಕಾಲು ತೆಗೆದರು, ಒತ್ತಿದರು, ತೆಗೆದರು ಅಂತ ಕಂಪ್ಯೂಟರ್ ತಿಳಿದುಕೊಂಡು ಪೆಟ್ರೋಲ್ ಮತ್ತು ಕಿಡಿ ಎರಡನ್ನೂ ಬದಲಿಸುತ್ತದೆ.

ಎಂಜಿನ್ ಆಫ್, ಇಗ್ನಿಷನ್ ಆನ್. ಸಿಗ್ನಲ್ ವೈರಿಗೆ ಮೀಟರ್ ಹಚ್ಚಿ ಥ್ರಾಟಲನ್ನು ತುಂಬಾ ನಿಧಾನವಾಗಿ ತೆರೆಯಿರಿ. ಇದಕ್ಕೆ ಮುಳ್ಳಿನ ಮೀಟರೇ ವಾಸಿ, ಡಿಜಿಟಲ್‌ನಲ್ಲಿ ಸಣ್ಣ ಹಾರಾಟ ಕಣ್ಣು ತಪ್ಪಿಸುತ್ತದೆ. ಮುಳ್ಳು ಎಲ್ಲೂ ಹಿಂದಕ್ಕೆ ಬೀಳದೆ ಏರಬೇಕು. ಸೆನ್ಸರ್ ಬೆನ್ನನ್ನು ಮೆಲ್ಲಗೆ ತಟ್ಟುತ್ತಾ, ಕನೆಕ್ಟರ್ ಅಲ್ಲಾಡಿಸುತ್ತಾ ಇನ್ನೊಮ್ಮೆ ನೋಡಿ.

ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಎರಡು ಸಿಗ್ನಲ್ ಇರುತ್ತವೆ. ಒಂದಕ್ಕೊಂದು ತಾಳೆಯಾಗದಿದ್ದರೆ ಕಂಪ್ಯೂಟರ್ ಕೂಡಲೇ ಕೋಡ್ ಹಾಕಿ ಪಿಕಪ್ ಕಡಿಮೆ ಮಾಡುತ್ತದೆ. ಹಾಗಾಗಿ ಅಂಥ ಕಾರಿನಲ್ಲಿ ಕೋಡೇ ಇಲ್ಲದೆ ಎಳೆತ ಬರುತ್ತಿದ್ದರೆ ಈ ಸೆನ್ಸರ್ ಮೇಲೆ ಮೊದಲೇ ದುಡ್ಡು ಹಾಕಬೇಡಿ.

ಪೆಟ್ರೋಲ್ ಸಾಲದಿದ್ದರೆ, ಗಾಳಿ ಸೋರಿದರೆ

ಫ್ಯುಯಲ್ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ ಬಹಳಷ್ಟು ಕಾರುಗಳಲ್ಲಿ 3 ಬಾರ್ ಆಸುಪಾಸು ಇರುತ್ತದೆ. ನಿಮ್ಮ ಕಾರಿನ ಅಂಕಿ ಸರ್ವಿಸ್ ಪುಸ್ತಕದಲ್ಲಿ ಸಿಗುತ್ತದೆ. ನಿಂತಲ್ಲಿ ಸರಿಯಿದ್ದು ಓಡುವಾಗ ಬೀಳುವುದೇ ಇಲ್ಲಿನ ಕಷ್ಟ. ಆದ್ದರಿಂದ ಗೇಜನ್ನು ಉದ್ದ ಪೈಪಿನಲ್ಲಿ ತಂದು ಮುಂದಿನ ಗಾಜಿನ ಹೊರಗೆ ಅಂಟಿಸಿ ಓಡಿಸಬೇಕು. ಪೆಟ್ರೋಲ್ ತುಂಬಿದ ಪೈಪ್ ಕಾರಿನ ಒಳಗೆ ಯಾವತ್ತೂ ಬರಬಾರದು. ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಇದು ಅಭ್ಯಾಸ ಇರುವ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ಒತ್ತಡ ಬಿದ್ದರೆ ಪಂಪ್ ಕೊಳ್ಳುವ ಮೊದಲು ಎರಡು ನೋಡಿ. ಪಂಪಿನ ಬಾಯಿಯ ಜಾಲರಿ ಕಟ್ಟಿರಬಹುದು. ಪಂಪಿಗೆ ಬರುವ ಕರೆಂಟೇ ಕಡಿಮೆ ಇರಬಹುದು. ಬ್ಯಾಟರಿಯ ವೋಲ್ಟೇಜಿಗೂ ಪಂಪಿನ ಕನೆಕ್ಟರ್ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ವೈರಿಂಗ್, ರಿಲೇ, ಅರ್ತ್ ಕಡೆ ಹೋಗಿ.

ಗಾಳಿ ಸೋರುವುದಕ್ಕೆ ನಮ್ಮಲ್ಲಿ ಇಲಿಯೂ ಒಂದು ಕಾರಣ. ಮಳೆಗಾಲದಲ್ಲಿ ಬಾನೆಟ್ ಒಳಗೆ ಸೇರಿಕೊಂಡು ವ್ಯಾಕ್ಯೂಮ್ ಪೈಪು, ವೈರು ಕಡಿದಿಡುತ್ತದೆ. ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವುದು), ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಏರ್ ಫಿಲ್ಟರ್‌ನಿಂದ ಬರುವ ರಬ್ಬರ್ ಕೊಳವೆಯ ಮಡಿಕೆ ಇವನ್ನು ಬಗ್ಗಿಸಿ ನೋಡಿ, ಸೀಳು ಬಗ್ಗಿಸಿದಾಗಲೇ ಕಾಣುವುದು. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವವರಿದ್ದಾರೆ. ಬಿಸಿ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಹೊಗೆ ಬಿಟ್ಟು ಹುಡುಕುವ ಯಂತ್ರ ಇರುವ ಗ್ಯಾರೇಜಿಗೆ ಹೋಗುವುದೇ ಒಳ್ಳೆಯದು.

ಮ್ಯಾಪ್ ಸೆನ್ಸರ್ ಕಾರಿನಲ್ಲಿ ಗಾಳಿ ಸೋರಿಕೆಯ ಲಕ್ಷಣ ಸ್ವಲ್ಪ ಬೇರೆ. ಸೋರಿ ಒಳಬಂದ ಗಾಳಿಯೂ ಒತ್ತಡದ ಅಳತೆಯಲ್ಲಿ ಸೇರುವುದರಿಂದ ಕಂಪ್ಯೂಟರ್ ಅದಕ್ಕೂ ಪೆಟ್ರೋಲ್ ಕೊಡುತ್ತದೆ. ಟ್ರಿಮ್ ಅಷ್ಟೇನೂ ಏರುವುದಿಲ್ಲ, ಐಡ್ಲಿಂಗೇ ಏರುತ್ತದೆ. ಥ್ರಾಟಲ್ ಮುಚ್ಚಿದೆ, ಆದರೂ ಆರ್‌ಪಿಎಂ ಹೆಚ್ಚಿದೆ ಅಂದರೆ ಕಾರು ಇಳಿಜಾರಿನಲ್ಲಿದೆ ಅಂತ ತಿಳಿದು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಬೀಳುತ್ತದೆ, ಮತ್ತೆ ಪೆಟ್ರೋಲ್ ಬರುತ್ತದೆ, ಮತ್ತೆ ಏರುತ್ತದೆ. ಟ್ರಾಫಿಕ್‌ನಲ್ಲಿ ಕಾಲು ಬಿಟ್ಟು ಎರಡನೇ ಗೇರಿನಲ್ಲಿ ತೆವಳುವಾಗ ಬರುವ ಎಳೆತ ಎಷ್ಟೋ ಸಲ ಇದೇ.

ಯಾರೂ ನೋಡದ ಪರ್ಜ್ ವಾಲ್ವ್

ಹಾಸನದ ಕಡೆಯ ಒಂದು ಕಾರು. ಪ್ಲಗ್, ಆಕ್ಸಿಜನ್ ಸೆನ್ಸರ್ ಎಲ್ಲ ಬೇರೆ ಕಡೆ ಬದಲಾಗಿತ್ತು. ಎಳೆತ ಹೋಗಿರಲಿಲ್ಲ. ಯಾವಾಗ ಜಾಸ್ತಿ ಅಂತ ಕೇಳಿದೆ. "ಟ್ಯಾಂಕ್ ತುಂಬಿಸಿದ ಮೇಲೆ ಎರಡು ದಿನ ಜಾಸ್ತಿ ಅಣ್ಣಾ, ಆಮೇಲೆ ಕಡಿಮೆ ಆಗುತ್ತೆ" ಅಂದರು. ಬಂಕಿನಲ್ಲಿ ಟ್ಯಾಂಕ್ ತುಂಬಿ ಪೈಪ್ ತಾನಾಗಿ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಿಸುತ್ತೀರಾ ಅಂದೆ. ಹೌದು, ಯಾವಾಗಲೂ.

ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗದ ಹಾಗೆ ಇದ್ದಿಲು ತುಂಬಿದ ಡಬ್ಬಿ ಹೀರಿಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಹದವಾದ ವೇಗದಲ್ಲಿ ಓಡುವಾಗ ಕಂಪ್ಯೂಟರ್ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಮ್ಯಾನಿಫೋಲ್ಡಿಗೆ ಎಳೆಯುತ್ತದೆ. ಅಂದರೆ ಎಳೆತ ಕಾಣುವ ಹೊತ್ತಿನಲ್ಲೇ ಇದರ ಕೆಲಸ. ಕಟ್ ಆದ ಮೇಲೂ ತುಂಬಿಸಿದರೆ ಡಬ್ಬಿಗೆ ಆವಿಯ ಬದಲು ಪೆಟ್ರೋಲೇ ಹೋಗಿ ಇದ್ದಿಲು ನೆನೆಯುತ್ತದೆ. ವಾಲ್ವ್ ತೆರೆದಾಗಲೆಲ್ಲ ಮಿಶ್ರಣ ರಿಚ್ ಆಗುತ್ತದೆ (ಪೆಟ್ರೋಲ್ ಜಾಸ್ತಿಯಾಗುತ್ತದೆ), ಕಂಪ್ಯೂಟರ್ ಇಂಜೆಕ್ಟರ್ ಕಡಿಮೆ ಮಾಡುತ್ತದೆ, ವಾಲ್ವ್ ಮುಚ್ಚಿದಾಗ ಲೀನ್ ಆಗುತ್ತದೆ. ಆ ಕಾರಿನ ರೆಕಾರ್ಡಿನಲ್ಲಿ ಶಾರ್ಟ್ ಟ್ರಿಮ್ ಮೈನಸ್ ಕಡೆಗೆ ಜಾರಿ ಮತ್ತೆ ಏರುವುದು ಎಳೆತದ ಜೊತೆಗೇ ಕಾಣುತ್ತಿತ್ತು.

ಪರೀಕ್ಷೆಗೆ ಖರ್ಚಿಲ್ಲ. ಎಂಜಿನ್ ತಣ್ಣಗಿದ್ದಾಗ ಮ್ಯಾನಿಫೋಲ್ಡಿಗೆ ಬರುವ ಪರ್ಜ್ ಪೈಪ್ ತೆಗೆದು, ಎರಡೂ ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ ಸ್ವಲ್ಪ ದೂರ ಓಡಿಸಿ. ಎಳೆತ ಹೋದರೆ ಕಾರಣ ಸಿಕ್ಕಿತು. ಪೈಪನ್ನು ಹಾಗೇ ಮುಚ್ಚಿಟ್ಟು ಬಿಡಬೇಡಿ, ವಾಪಸ್ ಹಾಕಿ. ವಾಲ್ವನ್ನು ಬಿಚ್ಚಿ ಕರೆಂಟ್ ಇಲ್ಲದೆ ಊದಿದರೆ ಗಾಳಿ ದಾಟಬಾರದು. ದಾಟಿದರೆ ವಾಲ್ವ್ ಕೆಟ್ಟಿದೆ. ಆ ಕಾರಿನಲ್ಲಿ ವಾಲ್ವ್ ಸರಿಯಿತ್ತು, ಡಬ್ಬಿ ನೆನೆದಿತ್ತು. ಡಬ್ಬಿ ಬದಲಾಯಿತು, ರೌಂಡ್ ಫಿಗರ್ ನಿಂತಿತು, ಎಳೆತವೂ ನಿಂತಿತು.

ಉಳಿದವು

ಇಜಿಆರ್ ಇರುವ ಎಂಜಿನ್‌ನಲ್ಲಿ ಅದೂ ಹದವಾದ ವೇಗದಲ್ಲೇ ತೆರೆಯುತ್ತದೆ. ಮಸಿ ಹಿಡಿದು ಪೂರ್ತಿ ಮುಚ್ಚದಿದ್ದರೆ ಐಡ್ಲಿಂಗ್ ಕೂಡ ಒರಟಾಗುತ್ತದೆ. ಬಿಚ್ಚಿ ಮಸಿ ತೆಗೆದು ನೋಡಿ.

ಆಕ್ಸಿಜನ್ ಸೆನ್ಸರ್ ಮುದಿಯಾದರೆ ತಡವಾಗಿ ಉತ್ತರ ಕೊಡುತ್ತದೆ. ಸಾಮಾನ್ಯ ಸೆನ್ಸರ್ ಬಿಸಿ ಎಂಜಿನ್‌ನಲ್ಲಿ 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಓಡಾಡಬೇಕು. ಸೋಮಾರಿಯಾಗಿ ಏರಿಳಿದರೆ, ಸೈಲೆನ್ಸರ್ ಪೈಪಿನಲ್ಲಿ ಸೆನ್ಸರ್‌ಗಿಂತ ಮುಂಚೆ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬದಲಿಸಿ.

ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಕಾರಿನಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಹಿಂದೆ ಗಾಡಿ ಇಲ್ಲದಾಗ, ಎಳೆತ ಬರುತ್ತಿರುವಂತೆಯೇ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಿನಿಂದ ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಬ್ರೇಕ್ ಮುಟ್ಟಿ. ಬ್ರೇಕ್ ಸಿಗ್ನಲ್ ಸಿಕ್ಕರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬಿಗಿಯುವ ಲಾಕ್-ಅಪ್ ಕ್ಲಚ್ ಬಿಡುತ್ತದೆ. ಎಳೆತ ಆಗಲೇ ನಿಂತರೆ ಎಂಜಿನ್ ಬಿಟ್ಟು ಗೇರ್‌ಬಾಕ್ಸ್ ಆಯಿಲ್, ಲಾಕ್-ಅಪ್ ಸೊಲೆನಾಯ್ಡ್ ಕಡೆ ಹೋಗಿ. ಎಎಂಟಿ (ಕ್ಲಚ್, ಗೇರ್ ಎರಡನ್ನೂ ಯಂತ್ರವೇ ಬದಲಿಸುವ ಮ್ಯಾನುಯಲ್ ಗೇರ್‌ಬಾಕ್ಸ್) ಕಾರಾದರೆ ಮ್ಯಾನುಯಲ್ ಮೋಡ್‌ಗೆ ಹಾಕಿ ಒಂದೇ ಗೇರಿನಲ್ಲಿ ಓಡಿಸಿ. ಎಷ್ಟೋ ಸಲ ಅದು ನಾಲ್ಕಕ್ಕೂ ಐದಕ್ಕೂ ನಡುವೆ ಓಡಾಡುತ್ತಿರುತ್ತದೆ, ಅಷ್ಟೇ.

ಸಿಎನ್‌ಜಿ ಇದ್ದರೆ ಅದೇ ದೊಡ್ಡ ಅನುಕೂಲ. ಪೆಟ್ರೋಲ್‌ಗೆ ಬದಲಿಸಿ ಅದೇ ರಸ್ತೆಯಲ್ಲಿ ನೋಡಿ. ಗ್ಯಾಸಿನಲ್ಲಿ ಮಾತ್ರ ಬಂದರೆ ಗ್ಯಾಸ್ ಫಿಲ್ಟರ್, ರೆಗ್ಯುಲೇಟರ್, ಗ್ಯಾಸ್ ಇಂಜೆಕ್ಟರ್. ಎರಡರಲ್ಲೂ ಬಂದರೆ ಗಾಳಿ, ಕಿಡಿ, ಸೆನ್ಸರ್.

ಪದ್ಮಿನಿ, ಅಂಬಾಸಿಡರ್‌ನಂಥ ಕಾರ್ಬೊರೇಟರ್ ಕಾರನ್ನು ಇನ್ನೂ ಅಕ್ಕರೆಯಿಂದ ಇಟ್ಟುಕೊಂಡವರಿದ್ದಾರೆ. ಅಲ್ಲಿ ಹದವಾದ ವೇಗದ ಎಳೆತಕ್ಕೆ ಕಟ್ಟಿದ ಜೆಟ್, ಕಡಿಮೆ ಫ್ಲೋಟ್ ಮಟ್ಟ, ಬುಡದ ಗ್ಯಾಸ್ಕೆಟ್ ಸೋರಿಕೆ ಈ ಮೂರನ್ನೇ ಮೊದಲು ನೋಡಬೇಕು. ಓಡುವಾಗ ಚೋಕ್ ಸ್ವಲ್ಪ ಎಳೆದು ನೋಡಿ. ಎಳೆತ ಕಡಿಮೆಯಾದರೆ ಮಿಶ್ರಣ ಲೀನ್ ಇದೆ ಅಂತ ಅರ್ಥ.

ಸರಿಯಾಯಿತು ಅಂತ ಹೇಳುವ ಮೊದಲು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಬ್ಯಾಟರಿ ತೆಗೆದು ಹಾಕಿದರೆ, ಕೋಡ್ ಅಳಿಸಿದರೆ, ಲಾಂಗ್ ಟ್ರಿಮ್ ಸೊನ್ನೆಗೆ ಬಂದು ಕಾರು ಒಂದೆರಡು ದಿನ ಬೇರೆ ತರಹ ಓಡಬಹುದು. ಅದನ್ನು ನೋಡಿ ಸರಿಯಾಯಿತು ಅನ್ನಬೇಡಿ. ಮೊದಲು ಎಳೆತ ಕಂಡ ಅದೇ ರಸ್ತೆಗೆ, ಅದೇ ಗೇರಿನಲ್ಲಿ, ಬಿಸಿ ಎಂಜಿನ್‌ನಲ್ಲಿ ಹೋಗಿ. ಲಾಂಗ್ ಟ್ರಿಮ್ ಮತ್ತೆ ಕಲಿತು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಬರೆದಿಟ್ಟುಕೊಳ್ಳಿ. ಎಳೆತ ಹೋಗಿದ್ದರೂ ಟ್ರಿಮ್ ಇನ್ನೂ ಪ್ಲಸ್ 12, 15ರಲ್ಲೇ ನಿಂತಿದ್ದರೆ ಮೂಲ ಕಾರಣ ಇನ್ನೂ ಒಳಗೇ ಇದೆ. ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯುವುದಕ್ಕೆ ಮುಂಚೆ ಪೆಟ್ರೋಲ್ ಒತ್ತಡ ಇನ್ನೊಮ್ಮೆ ಅಳೆಸಿ.